ಕೋಟಾದಿಂದ ಬೆಂಗಳೂರಿಗೆ ಬಂದ ಗಣಿತದ ಮೇಷ್ಟ್ರು

ಇವತ್ತು ಕೋಟಾ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಜೆಇಇ ಕೋಚಿಂಗ್. ಅದೇ ಕೋಟಾದಲ್ಲಿ 1912ರ ಆಗಸ್ಟ್ 8ರಂದು ಹುಟ್ಟಿದವರು ಪ್ರಭು ಲಾಲ್ ಭಟ್ನಾಗರ್. ರ‍್ಯಾಂಕಿನ ಆಸೆ ಇಲ್ಲದೆ, ಲೆಕ್ಕದ ಖುಷಿಗೇ ಲೆಕ್ಕ ಮಾಡುವ ಮಕ್ಕಳನ್ನು ನಮ್ಮ ಬೆಂಗಳೂರಿನಲ್ಲಿ ಹುಡುಕಲು ಹೊರಟವರು ಇವರು.

ಅಲಹಾಬಾದಿನಲ್ಲಿ ಸಂಶೋಧನೆ ಮುಗಿಸಿ, ದೆಹಲಿಯ ಸೇಂಟ್ ಸ್ಟೀಫನ್ಸ್ ಕಾಲೇಜಿನಲ್ಲಿ ಬಹಳ ವರ್ಷ ಪಾಠ ಹೇಳಿದರು. ಮಧ್ಯೆ ಹಾರ್ವರ್ಡ್‌ಗೆ ಹೋದಾಗ ಗ್ರಾಸ್ ಮತ್ತು ಕ್ರೂಕ್ ಜೊತೆ ಸೇರಿ ಮಾಡಿದ ಕೆಲಸ 1954ರಲ್ಲಿ ಪ್ರಕಟವಾಯಿತು. ಅದೇ ಬಿಜಿಕೆ ಮಾಡೆಲ್. ಮೊದಲ ಅಕ್ಷರ ನಮ್ಮ ಭಟ್ನಾಗರ್ ಅವರದ್ದು. ಅನಿಲದ ಅಣುಗಳು ಡಿಕ್ಕಿ ಹೊಡೆಯೋದನ್ನು ಬೋಲ್ಟ್ಸ್‌ಮನ್ ಸಮೀಕರಣ ದೊಡ್ಡ ಇಂಟಿಗ್ರಲ್ ಆಗಿ ಬರೆಯುತ್ತೆ. ಬಿಡಿಸೋದು ಭಾರಿ ಕಷ್ಟ. ಇವರು ಅದರ ಜಾಗದಲ್ಲಿ ಒಂದು ಸರಳ ಪದ ಇಟ್ಟರು: ಅನಿಲ ಇಂತಿಷ್ಟು ಸಮಯದಲ್ಲಿ ಸಮತೋಲನದ ಕಡೆಗೆ ಮರಳುತ್ತೆ, ಅಷ್ಟೆ. ಇವತ್ತು ಗಾಳಿ, ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಲ್ಯಾಟಿಸ್ ಬೋಲ್ಟ್ಸ್‌ಮನ್ ಕೋಡ್‌ಗಳಲ್ಲಿ ಈ ಪದ ಇನ್ನೂ ಓಡ್ತಾ ಇದೆ.

1956ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅನ್ವಯಿಕ ಗಣಿತ ವಿಭಾಗ ಕಟ್ಟಿದರು. 1968ರಲ್ಲಿ ಪದ್ಮಭೂಷಣವೂ ಬಂತು. ಇಷ್ಟೆಲ್ಲ ಇದ್ದವರಿಗೆ ಹೈಸ್ಕೂಲ್ ಮಕ್ಕಳ ಲೆಕ್ಕ ಯಾಕೆ ಬೇಕಿತ್ತು ಅನ್ನಿಸಬಹುದು. ಆದರೆ 1960ರ ದಶಕದ ಕೊನೆಯಲ್ಲಿ ಬೆಂಗಳೂರಿನ ಶಾಲಾ ಮಕ್ಕಳಿಗೆ ಗಣಿತ ಒಲಿಂಪಿಯಾಡ್ ಶುರು ಮಾಡಿದ್ದು ಇವರೇ. ಒಲಿಂಪಿಯಾಡ್ ಅಂದ್ರೆ ನಾಲ್ಕು ಆಪ್ಷನ್‌ಗಳಲ್ಲಿ ಒಂದಕ್ಕೆ ಟಿಕ್ ಹಾಕೋದಲ್ಲ. ಅಂತರರಾಷ್ಟ್ರೀಯ ಮಟ್ಟದಲ್ಲಿ ದಿನಕ್ಕೆ ಮೂರೇ ಲೆಕ್ಕ, ನಾಲ್ಕೂವರೆ ಗಂಟೆ ಸಮಯ. ಉತ್ತರ ಯಾಕೆ ಸರಿ ಅಂತ ಹೆಜ್ಜೆ ಹೆಜ್ಜೆಗೂ ಬರೀಬೇಕು. ಬರೆದದ್ದನ್ನು ಒಬ್ಬರು ಕೂತು ಓದಲೂಬೇಕು.

ಭಟ್ನಾಗರ್ 1976ರಲ್ಲಿ ತೀರಿಕೊಂಡರು. ರಾಷ್ಟ್ರೀಯ ಒಲಿಂಪಿಯಾಡ್ ನಿಯಮಿತವಾಗಿ ಶುರುವಾಗಿದ್ದು 1986ರಲ್ಲಿ; ಭಾರತದ ತಂಡ ಮೊದಲ ಸಲ ಅಂತರರಾಷ್ಟ್ರೀಯ ಸ್ಪರ್ಧೆಗೆ ಹೋಗಿದ್ದು 1989ರಲ್ಲಿ. ಅವರು ನೆಟ್ಟ ಗಿಡದ ಹಣ್ಣನ್ನು ಅವರು ನೋಡಲಿಲ್ಲ.

ಈಗ ಅವರು ಕೆಲಸ ಮಾಡಿದ ಸಂಸ್ಥೆಯವರ ಪಾಠಗಳೇ ಎನ್‌ಪಿಟೆಲ್‌ನಲ್ಲಿ ಫ್ರೀ ಆಗಿ ಸಿಗುತ್ತವೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಶಿಫ್ಟ್ ಮುಗಿಸಿ ಬರೋ ಅಪ್ಪನ ಫೋನಿನಲ್ಲೇ ಮಗಳು ನಂಬರ್ ಥಿಯರಿ ಕೇಳಬಹುದು, ಪೈಥಾನ್ ಕಲೀಬಹುದು. ಪಾಠ ಅವಳ ಮನೆವರೆಗೆ ಬಂದಿದೆ. ಆದರೆ ಅವಳು ನೋಟ್‌ಬುಕ್‌ನಲ್ಲಿ ಬರೆದ ಪ್ರೂಫ್‌ನ ಮೂರನೇ ಸಾಲು ತಪ್ಪಿದ್ದರೆ ವಿಡಿಯೋ ಹೇಳಲ್ಲ. ತನ್ನದೇ ಹೊಸ ದಾರಿಯಲ್ಲಿ ಲೆಕ್ಕ ಬಿಡಿಸಿದ್ದರೂ ಅದು ಹೇಳಲ್ಲ. ಯಾರೂ ನೋಡದಿದ್ದರೆ, ತನಗೆ ಲೆಕ್ಕ ಬರುತ್ತೆ ಅನ್ನೋದೇ ಅವಳಿಗೆ ಗೊತ್ತಾಗದೆ ಹೋಗಬಹುದು.

ದಿನಾ ಆ ಕಾರ್ಖಾನೆಗಳ ಪಕ್ಕದಲ್ಲೇ ಕಾಲೇಜ್ ಬಸ್ಸಲ್ಲಿ ಹೋಗೋರು ನಾವು. ಲಿಂಕ್ ಕಳಿಸೋದು ನಮಗೆ ಸುಲಭ. ವಾರಕ್ಕೊಮ್ಮೆ ಕೂತು ಹತ್ತು ನೋಟ್‌ಬುಕ್ ಓದೋದು ಸ್ವಲ್ಪ ಕಷ್ಟ. ಅಷ್ಟು ದೊಡ್ಡ ಮೇಷ್ಟ್ರು ಶಾಲಾ ಮಕ್ಕಳಿಗೆ ಸಮಯ ಕೊಟ್ಟಿದ್ದರು ಅಂತ ತಿಳಿದ ಮೇಲೆ, ಸೆಮಿಸ್ಟರ್ ಬಿಜಿ ಅನ್ನೋ ನೆಪ ಹೇಳೋಕೆ ನಮಗೆ ಬಾಯಿ ಬರ್ತಿಲ್ಲ.