ಅಲೆಕ್ಸಾಂಡರ್ ಗ್ರೀನ್‌ಲಾ (1818–1870)

ಹಂಪಿಯ ಸ್ಮಾರಕಗಳನ್ನು ಮೊದಲಿಗೆ ಛಾಯಾಚಿತ್ರಗಳಲ್ಲಿ ದಾಖಲಿಸಿದವರ ಪೈಕಿ ಅಲೆಕ್ಸಾಂಡರ್ ಗ್ರೀನ್‌ಲಾ ಅವರು ಪ್ರಮುಖರು. 1818ರಲ್ಲಿ ಜನಿಸಿದ ಇವರು ಈಸ್ಟ್ ಇಂಡಿಯಾ ಕಂಪನಿಯ ಮದ್ರಾಸ್ ಸೈನ್ಯದಲ್ಲಿ ಅಧಿಕಾರಿಯಾಗಿದ್ದರು.

ಛಾಯಾಗ್ರಹಣ ಕಲೆಯು 1839ರಲ್ಲಿ ಲೋಕಕ್ಕೆ ಪರಿಚಯವಾಗಿ 17 ವರ್ಷಗಳಷ್ಟೇ ಕಳೆದಿದ್ದವು. 1856ರಲ್ಲಿ ಇವರು ಇಂದಿನ ವಿಜಯನಗರ ಜಿಲ್ಲೆಯಲ್ಲಿರುವ ಹಂಪಿಯಲ್ಲಿ ಸುಮಾರು 60 ಚಿತ್ರಗಳನ್ನು ತೆಗೆದರು. ಆಗ ಫಿಲಂ ಇರಲಿಲ್ಲ. ಮೇಣ ಹಚ್ಚಿದ ಕಾಗದಕ್ಕೆ ಬೆಳ್ಳಿಯ ಲವಣಗಳನ್ನು ಲೇಪಿಸಿ, ಕ್ಯಾಮೆರಾದಲ್ಲಿರಿಸಿ, ದೀರ್ಘಕಾಲ ಬೆಳಕಿಗೆ ಒಡ್ಡಬೇಕಾಗಿತ್ತು. ಚಲಿಸುವ ಜನರ ಬಿಂಬ ಸರಿಯಾಗಿ ಮೂಡುತ್ತಿರಲಿಲ್ಲ. ನಿಶ್ಚಲವಾದ ಕಲ್ಲಿನ ಕಟ್ಟಡಗಳಿಗೆ ಈ ವಿಧಾನ ಯೋಗ್ಯವಾಗಿತ್ತು.

ಇವುಗಳಲ್ಲಿ ವಿಜಯವಿಠಲ ದೇವಾಲಯದ ಕಲ್ಲಿನ ರಥದ ಚಿತ್ರವು ಅತ್ಯಂತ ಪ್ರಸಿದ್ಧವಾದುದು. ಗರುಡನ ಗುಡಿಯಾಗಿರುವ ಈ ರಥದ ಮೇಲೆ ಇಟ್ಟಿಗೆಯ ಶಿಖರವಿರುವುದನ್ನು ಈ ಚಿತ್ರದಲ್ಲಿ ಕಾಣಬಹುದು. ಕಾಲಾಂತರದಲ್ಲಿ ಆ ಶಿಖರ ಇಲ್ಲವಾಯಿತು. 2017ರಲ್ಲಿ ಹೊರಬಂದ 50 ರೂಪಾಯಿ ನೋಟಿನ ಮೇಲಿರುವುದೂ ಶಿಖರವಿಲ್ಲದ ರಥವೇ. ರಥದ ಪೂರ್ವರೂಪಕ್ಕೆ ಗ್ರೀನ್‌ಲಾ ಅವರ ಚಿತ್ರವು ಅಮೂಲ್ಯ ಸಾಕ್ಷ್ಯವಾಗಿದೆ.

ಇವರು 1870ರಲ್ಲಿ ನಿಧನರಾದರು. ಶತಮಾನಕ್ಕೂ ಹೆಚ್ಚು ಕಾಲ ಮರೆಯಲ್ಲಿದ್ದ ಇವರ ಕಾಗದದ ನೆಗೆಟಿವ್‌ಗಳು 1980ರ ಸುಮಾರಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಛಾಯಾಗ್ರಾಹಕ ಜಾನ್ ಗೋಲಿಂಗ್ಸ್ ಅವರು ಅವೇ ಸ್ಥಳಗಳಿಂದ ಪುನಃ ಚಿತ್ರಗಳನ್ನು ತೆಗೆದರು. ಎರಡನ್ನೂ ಜೊತೆಯಿರಿಸಿ ನೋಡಿದಾಗ, 127 ವರ್ಷಗಳಲ್ಲಿ ಉಳಿದುದೇನು, ಅಳಿದುದೇನು ಎಂಬುದು ತಿಳಿಯುತ್ತದೆ. ಹಂಪಿಯು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಸ್ಮಾರಕಗಳ ಸಂರಕ್ಷಣೆಯಲ್ಲಿ ಹಳೆಯ ಛಾಯಾಚಿತ್ರಗಳ ಮಹತ್ವವನ್ನು ಇವರ ಕಾರ್ಯವು ಮನಗಾಣಿಸುತ್ತದೆ.