ಶ್ರೀ ನಿಜಗುಣ ಶಿವಯೋಗಿಗಳು

15ನೆಯ ಶತಮಾನದ ಸುಮಾರಿನಲ್ಲಿದ್ದ ಶ್ರೀ ನಿಜಗುಣ ಶಿವಯೋಗಿಗಳು ರಾಜ್ಯಾಧಿಕಾರವನ್ನು ತೊರೆದು, ಯಳಂದೂರಿನ ಬಳಿಯ ಶಂಭುಲಿಂಗನ ಬೆಟ್ಟದಲ್ಲಿ ತಪಂಗೈದರೆಂದು ಪರಂಪರೆಯ ನಂಬುಗೆ. ಸಂಸ್ಕೃತವನ್ನರಿಯದ ಮುಮುಕ್ಷುಗಳಿಗೆ ಶಾಸ್ತ್ರಾರ್ಥವು ನಿಲುಕದಿದ್ದ ಕಾಲದಲ್ಲಿ ಅವರು ಕನ್ನಡದಲ್ಲಿಯೇ ಗ್ರಂಥಗಳನ್ನು ರಚಿಸಿದರು. ಹಾಡಿಕೊಳ್ಳುವವರಿಗೆ ಕೈವಲ್ಯಪದ್ಧತಿಯನ್ನು ಪದಗಳಲ್ಲಿಯೂ, ಅನುಭವಸಾರವನ್ನು ತ್ರಿಪದಿಯಲ್ಲಿಯೂ ಅನುಗ್ರಹಿಸಿ, ಸಕಲ ಶಾಸ್ತ್ರವಿಷಯಗಳನ್ನೊಳಗೊಂಡ ವಿವೇಕಚಿಂತಾಮಣಿಗೆ ಗದ್ಯವನ್ನು ಆರಿಸಿದರು.

ಆ ಗ್ರಂಥವು 10 ಪರಿಚ್ಛೇದಗಳಾಗಿ ವಿಭಕ್ತವಾಗಿದೆ. ವಿಷಯವನ್ನು ಹೆಸರಿಸುವುದು, ಅದರ ಭೇದಗಳನ್ನೆಣಿಸುವುದು, ಬಳಿಕ ಒಂದೊಂದರ ಲಕ್ಷಣವನ್ನು ಅದೇ ಕ್ರಮದಲ್ಲಿ ಮಿತವಾಗಿ ವಿವರಿಸುವುದು ಅದರ ಸರಣಿ. ಆದುದರಿಂದ ಅಷ್ಟೊಂದು ವಿಷಯಗಳ ನಡುವೆಯೂ ಓದುವವನು ದಾರಿ ತಪ್ಪುವುದಿಲ್ಲ. ಸಂಸ್ಕೃತವನ್ನರಿಯದವರಿಗಾಗಿ ಹುಟ್ಟಿದ ಈ ಕೃತಿಯು 17ನೆಯ ಶತಮಾನದಲ್ಲಿ ಮರಾಠಿಗೂ, ಸ್ವತಃ ಸಂಸ್ಕೃತಕ್ಕೂ ಪರಿವರ್ತಿತವಾಯಿತು.

ಪ್ರಬಂಧವನ್ನು ಬರೆಯಕಲಿಯುವ ಪಾಠಶಾಲೆಯ ವಿದ್ಯಾರ್ಥಿಗಳು ಇದರ ಒಂದು ಪರಿಚ್ಛೇದವನ್ನಾದರೂ ಕ್ರಮವನ್ನು ಗಮನಿಸುತ್ತ ಓದಿ, ಆ ಮಹಾತ್ಮರ ಕೃಪೆಗೆ ಪಾತ್ರರಾಗಲಿ.