ಹಗುರ ಕುರ್ಚಿಯ ಶಿಲ್ಪಿ

ಗೋಡೆ, ಮಾಡುಗಳಿಂದ ಮಾತ್ರ ಮನೆಯಾಗುವುದಿಲ್ಲ. ದಣಿದು ಬಂದವನು ಕುಳಿತು ವಿಶ್ರಮಿಸುವ ಪೀಠವೂ ಮನೆಯ ಒಂದು ಅಂಗವೇ. ಇದನ್ನು ಬಾಳಿನುದ್ದಕ್ಕೂ ನಂಬಿ ದುಡಿದವನು ಇಟಲಿಯ ವಾಸ್ತುಶಿಲ್ಪಿ ಜಿಯೊ ಪೊಂಟಿ.

ಪೊಂಟಿ 1891ರಲ್ಲಿ ಮಿಲಾನ್ ನಗರದಲ್ಲಿ ಜನಿಸಿದನು. ಮೊದಲನೆಯ ಮಹಾಯುದ್ಧದಲ್ಲಿ ಸೈನ್ಯದಲ್ಲಿದ್ದುದರಿಂದ ಅವನ ವ್ಯಾಸಂಗವು ಮುಗಿದುದು 1921ರಲ್ಲಿ. ಬಳಿಕ ಪಿಂಗಾಣಿ ಕಾರ್ಖಾನೆಯೊಂದರ ಕಲಾನಿರ್ದೇಶಕನಾಗಿ ಕುಶಲಕರ್ಮಿಗಳ ಒಡನಾಟ ಬೆಳೆಸಿಕೊಂಡನು. 1928ರಲ್ಲಿ 'ದೋಮುಸ್' ಎಂಬ ಮಾಸಪತ್ರಿಕೆಯನ್ನು ಆರಂಭಿಸಿದನು. ಲ್ಯಾಟಿನ್ ಭಾಷೆಯಲ್ಲಿ ಆ ಪದಕ್ಕೆ ಮನೆ ಎಂದೇ ಅರ್ಥ.

ಎರಡನೆಯ ಮಹಾಯುದ್ಧವು ಅವನ ನಗರವನ್ನು ಜರ್ಝರಿತಗೊಳಿಸಿತು. 1943ರ ಬಾಂಬುದಾಳಿಗಳಲ್ಲಿ ಅಸಂಖ್ಯ ಮನೆಗಳು ನೆಲಸಮವಾದವು. ಯುದ್ಧಾನಂತರ ಜನರಿಗೆ ಬೇಕಾಗಿದ್ದುದು ಚಿಕ್ಕ ಮನೆ, ಅದಕ್ಕೆ ಒಪ್ಪುವ ಹಗುರವಾದ ಪೀಠೋಪಕರಣ. ಭಾರವಾದ ಸಿಂಹಾಸನದಂತಹ ಕುರ್ಚಿಗಳಿಗೆ ಅಲ್ಲಿ ಎಡೆಯಿರಲಿಲ್ಲ.

ಇದಕ್ಕೆ ಪರಿಹಾರವನ್ನು ಪೊಂಟಿ ಕಂಡುಕೊಂಡುದು ಒಂದು ಹಳೆಯ ಕಸುಬಿನಲ್ಲಿ. ಸಾತನೂರಿಗೆ ಸಮೀಪದ ಚನ್ನಪಟ್ಟಣವು ಮರದ ಬೊಂಬೆಗಳಿಗೆ ಹೆಸರಾಗಿರುವಂತೆ, ಇಟಲಿಯ ಕಡಲತೀರದ ಕಿಯಾವರಿ ಎಂಬ ಊರು 1807ರಿಂದಲೂ ತೆಳ್ಳನೆಯ ಕುರ್ಚಿಗಳಿಗೆ ಹೆಸರಾಗಿತ್ತು. ಪೊಂಟಿ ಆ ಕುರ್ಚಿಯನ್ನು ಹಳೆಯದೆಂದು ತಿರಸ್ಕರಿಸಲಿಲ್ಲ. ಇದ್ದಂತೆಯೇ ನಕಲು ಮಾಡಲೂ ಇಲ್ಲ. ವರ್ಷಗಟ್ಟಲೆ ಪ್ರಯೋಗ ನಡೆಸಿ, ಬೇಡವಾದ ಮರವನ್ನೆಲ್ಲ ತೆಗೆಯುತ್ತ ಬಂದನು. ಕಾಲುಗಳನ್ನು ಮುಮ್ಮೂಲೆಯಾಗಿ ಕೆತ್ತಿಸಿ ತೆಳುವಾಗಿಸಿದನು. 1957ರಲ್ಲಿ ಕಸ್ಸೀನಾ ಸಂಸ್ಥೆಯು ಹೊರತಂದ ಆ 'ಸೂಪರ್‌ಲೆಜ್ಜೆರಾ' ಕುರ್ಚಿಯ ತೂಕ ಕೇವಲ 1.7 ಕಿಲೋಗ್ರಾಂ! ಬಾಲಕನೊಬ್ಬನು ಅದನ್ನು ಒಂದೇ ಬೆರಳಿನಿಂದ ಎತ್ತಬಲ್ಲನು. ಆದರೂ ಅದು ಗಟ್ಟಿಮುಟ್ಟಾದ ಕುರ್ಚಿ.

ಇಂತಹ ಪುಟ್ಟ ವಸ್ತುವಿಗಾಗಿ ಶ್ರಮಿಸಿದವನೇ, 1960ರಲ್ಲಿ ಪೂರ್ಣಗೊಂಡ 127 ಮೀಟರ್ ಎತ್ತರದ ಪಿರೆಲ್ಲಿ ಗೋಪುರವನ್ನೂ ರೂಪಿಸಿದನು. ಗೋಪುರ ದೊಡ್ಡದು, ಕುರ್ಚಿ ಚಿಕ್ಕದು ಎಂಬ ಭೇದ ಅವನಿಗಿರಲಿಲ್ಲ. 1936ರಿಂದ 1961ರವರೆಗೆ ಅವನು ಮಿಲಾನಿನ ಪಾಲಿಟೆಕ್ನಿಕ್‌ನಲ್ಲಿ ಬೋಧಿಸಿದನು.

ಪೊಂಟಿ 1979ರಲ್ಲಿ ನಿಧನನಾದನು. ಅವನು ಮತ್ತು ಅವನ ಸಮಕಾಲೀನರು ರೂಪಿಸಿದ ಕೈಗಳುಳ್ಳ ಮೆತ್ತೆಯ ಕುರ್ಚಿಗಳು ಇಂದಿಗೂ ಹಲವು ಮನೆಗಳಲ್ಲಿವೆ. ಅವು ಹಳತಾದಾಗ ಜನರು ಎಸೆಯುವುದಿಲ್ಲ. ಸಡಿಲವಾದ ಕೀಲುಗಳನ್ನು ಬಿಗಿದು, ಹರಿದ ಪಟ್ಟಿಗಳನ್ನು ಬದಲಿಸಿ, ಹೊಸ ಬಟ್ಟೆ ಹೊದಿಸಿ ಜೀರ್ಣೋದ್ಧಾರ ಮಾಡುತ್ತಾರೆ. ಚೌಕಟ್ಟು ದೃಢವಾಗಿದ್ದರೆ ಉಳಿದುದನ್ನು ಸರಿಪಡಿಸಬಹುದು. ಪೂರ್ವಿಕರ ಕಸುಬುಗಳ ವಿಷಯದಲ್ಲಿಯೂ ಹೀಗೆಯೇ. ಸಾರವನ್ನು ಉಳಿಸಿಕೊಂಡು ಕಾಲಕ್ಕೆ ತಕ್ಕಂತೆ ತಿದ್ದಿದರೆ ಅವು ಮತ್ತೆ ಜನರ ಬದುಕಿಗೆ ನೆರವಾಗುತ್ತವೆ. ಪೊಂಟಿಯ ಜೀವನವು ಇದಕ್ಕೆ ನಿದರ್ಶನ.